ಗೋಧಿ, ಮೊಟ್ಟೆ ಇಲ್ಲದ ಸಾಸೇಜನ್ನು ಮನೆಯಲ್ಲೇ ಮಾಡಿ ಫ್ರೀಜರಿನಲ್ಲಿ ಇಟ್ಟುಕೊಳ್ಳುವುದು ಹೇಗೆ?

ಪ್ರಶ್ನೆ: ಅಂತರಗಂಗೆ ತಪ್ಪಲು, ಕೋಲಾರ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಾಳೆ. ಅವಳಿಗೆ ಸಿಲಿಯಾಕ್ ಕಾಯಿಲೆ ಇರುವುದು ಕಳೆದ ವರ್ಷ ಪತ್ತೆಯಾದ ಮೇಲೆ ಗೋಧಿ, ಮೈದಾ, ರವೆ, ಬಾರ್ಲಿ ಇವೆಲ್ಲವನ್ನೂ ಸಂಪೂರ್ಣವಾಗಿ ನಿಲ್ಲಿಸುವಂತೆ ವೈದ್ಯರು ಹೇಳಿದ್ದಾರೆ. ಮೊಟ್ಟೆ ಅವಳಿಗೆ ಚಿಕ್ಕಂದಿನಿಂದಲೇ ಒಗ್ಗುವುದಿಲ್ಲ. ತಿಂದರೆ ಮೈಯೆಲ್ಲ ದದ್ದು ಏಳುತ್ತದೆ. ಮಧ್ಯಾಹ್ನ ಮತ್ತು ರಾತ್ರಿಯ ಊಟಕ್ಕೆ ನಮ್ಮ ಕಡೆ ತೊಂದರೆಯೇನಿಲ್ಲ. ಮುದ್ದೆ, ಅನ್ನ, ಸಾರು ಇದ್ದೇ ಇರುತ್ತವೆ. ಕಷ್ಟವಿರುವುದು ಬೆಳಗಿನ ಹೊತ್ತಿನಲ್ಲಿ. ಶಾಲೆಯ ಬಸ್ಸು ಏಳೂಕಾಲಿಗೆ ಬರುತ್ತದೆ, ಎರಡು ದೋಸೆ ತಿಂದು ಹೊರಟವಳಿಗೆ ಹತ್ತು ಗಂಟೆಗೆಲ್ಲ ಹಸಿವಾಗುತ್ತದೆ.

ಬೆಂಗಳೂರಿನ ನೆಂಟರ ಮನೆಯಲ್ಲಿ ಬೆಳಗಿನ ತಿಂಡಿಗೆ ಸಾಸೇಜ್ ಹುರಿದುಕೊಡುವುದನ್ನು ನೋಡಿದ ಮೇಲೆ ಅವಳಿಗೆ ಅದರ ಮೇಲೆ ಆಸೆ. ಆದರೆ ಅಂಗಡಿಯ ಪ್ಯಾಕೆಟ್ಟುಗಳನ್ನು ತಿರುಗಿಸಿ ನೋಡಿದರೆ ಒಂದರಲ್ಲಿ ಗೋಧಿ ನಾರು, ಇನ್ನೊಂದರಲ್ಲಿ ರಸ್ಕ್ ಪುಡಿ, ಮತ್ತೊಂದರಲ್ಲಿ ಮೊಟ್ಟೆಯ ಬಿಳಿ ಎಂದು ಬರೆದಿರುತ್ತದೆ. ಅದಕ್ಕಾಗಿ ಮನೆಯಲ್ಲೇ ಮಾಡಿ, ಒಂದು ತಿಂಗಳಿಗಾಗುವಷ್ಟು ಫ್ರೀಜರಿನಲ್ಲಿಟ್ಟು, ಬೇಕಾದಾಗ ಎರಡು ತೆಗೆದು ಕಾವಲಿಯ ಮೇಲೆ ಹಾಕುವಂತಾಗಬೇಕು ಎಂಬುದು ನನ್ನ ಆಲೋಚನೆ. ನಮ್ಮ ಅತ್ತೆಯವರು “ಕೈಮಾ ಉಂಡೆ ಇರುವಾಗ ಬೇರೇನು ಬೇಕು” ಎನ್ನುತ್ತಾರೆ. ಕೈಮಾ ಉಂಡೆ ನನಗೂ ಬರುತ್ತದೆ, ಆದರೆ ಅದು ಸಾರಿನಲ್ಲಿ ಬೇಯುವ ಪದಾರ್ಥ. ತಟ್ಟಿ ಫ್ರೀಜರಿನಲ್ಲಿಟ್ಟು ಒಣಗಾವಲಿಯ ಮೇಲೆ ಹಾಕಿದರೆ ಅಂಚಿನಿಂದಲೇ ಪುಡಿಯಾಗುತ್ತದೆ.

ಬ್ರೆಡ್ ಪುಡಿ ಮತ್ತು ಮೊಟ್ಟೆ ಎರಡೂ ಇಲ್ಲದೆ ಅದು ಹಿಡಿದುಕೊಳ್ಳುವಂತೆ ಮಾಡುವುದು ಹೇಗೆ, ಯಾವ ಮಾಂಸ ಒಳ್ಳೆಯದು, ಹಸಿಯಾಗಿಯೇ ಇಡಬೇಕೋ ಬೇಯಿಸಿ ಇಡಬೇಕೋ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು. ಅತ್ತೆಯವರಿಗೆ ರಕ್ತದೊತ್ತಡ ಇರುವುದರಿಂದ, ಅವರೂ ಒಂದೊಂದು ತಿನ್ನುವಂತೆ ಉಪ್ಪು ಕಡಿಮೆ ಇದ್ದರೆ ಇನ್ನೂ ಉತ್ತಮ.

ಉತ್ತರ: ತೆಂಗಿನ ತೋಟ, ತಿಪಟೂರು

ನಮಸ್ಕಾರ ಮೇಡಂ. ನಾನು ಆಹಾರ ತಂತ್ರಜ್ಞಾನ ಓದಿದವನು, ಕೆಲವು ವರ್ಷ ಮಾಂಸ ಸಂಸ್ಕರಣಾ ಘಟಕವೊಂದರಲ್ಲಿ ಕೆಲಸ ಮಾಡಿದ್ದೇನೆ. ಮೊದಲಿಗೆ ಒಂದು ವಿಷಯ ಸ್ಪಷ್ಟಪಡಿಸುತ್ತೇನೆ: ಸಾಸೇಜ್ ಹಿಡಿದುಕೊಳ್ಳುವುದು ರಸ್ಕಿನಿಂದಲೂ ಅಲ್ಲ, ಮೊಟ್ಟೆಯಿಂದಲೂ ಅಲ್ಲ. ಕಾರ್ಖಾನೆಯಲ್ಲಿ ರಸ್ಕ್ ಹಾಕುವುದು ಮುಖ್ಯವಾಗಿ ನೀರನ್ನು ಹಿಡಿದಿಟ್ಟು ತೂಕ ಹೆಚ್ಚಿಸಿ ಖರ್ಚು ತಗ್ಗಿಸುವುದಕ್ಕೆ. ನಿಜವಾದ ಅಂಟು ಮಾಂಸದ ಒಳಗೇ ಇದೆ. ಸ್ನಾಯುವಿನಲ್ಲಿರುವ ಮಯೋಸಿನ್ ಎಂಬ ಪ್ರೋಟೀನ್ ಉಪ್ಪು ತಗುಲಿದಾಗ ಕರಗಿ ಹೊರಬಂದು ಚೂರುಗಳ ಮೇಲೆ ಜಿಗುಟಾದ ಪದರವಾಗಿ ಹರಡಿಕೊಳ್ಳುತ್ತದೆ. ಬಿಸಿ ಮುಟ್ಟಿದೊಡನೆ ಅದೇ ಪದರ ಗಟ್ಟಿಯಾಗಿ ಚೂರುಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಆದ್ದರಿಂದ ನಿಮಗೆ ಬೇಕಾದದ್ದು ಉಪ್ಪು, ತಣುಪು ಮತ್ತು ಚೆನ್ನಾಗಿ ನಾದುವುದು, ಈ ಮೂರೇ. ನಿಮ್ಮ ಕೈಮಾ ಕಾವಲಿಯ ಮೇಲೆ ಪುಡಿಯಾಗುವುದಕ್ಕೆ ಬಹುಮಟ್ಟಿಗೆ ಕಾರಣ ಅದರಲ್ಲಿ ಉಳಿದ ನೀರು ಇರಬಹುದು. ನಮ್ಮಲ್ಲಿ ಕೈಮಾವನ್ನು ಮನೆಗೆ ತಂದು ಜರಡಿಯಲ್ಲಿ ತೊಳೆಯುವ ರೂಢಿ ಇದೆ. ಹಾಗೆ ತೊಳೆದರೆ ಚೂರುಗಳ ನಡುವೆ ನಿಂತ ನೀರು ಉಪ್ಪನ್ನು ತೆಳುವಾಗಿಸಿ, ಚೂರುಗಳು ಒಂದಕ್ಕೊಂದು ಅಂಟದಂತೆ ಮಾಡುತ್ತದೆ. ತೊಳೆಯಲೇಬೇಕೆಂದರೆ ಇಡೀ ತುಂಡುಗಳನ್ನು ತೊಳೆದು, ಬಟ್ಟೆಯಿಂದ ಒತ್ತಿ ಒಣಗಿಸಿ, ಆಮೇಲೆ ಮನೆಯಲ್ಲೇ ಕೊಚ್ಚಿಕೊಳ್ಳಿ.

ಮಾಂಸದ ಬಗ್ಗೆ ಹೇಳುವುದಾದರೆ, ಕೋಳಿಯ ಎದೆಯ ಭಾಗ ಇದಕ್ಕೆ ಬೇಡ. ಕೊಬ್ಬಿಲ್ಲದ ಕಾರಣ ಒಣಗಿ ನಾರಾಗುತ್ತದೆ. ಮೂಳೆ ತೆಗೆದ ತೊಡೆಯ ಮಾಂಸವನ್ನು ತೆಗೆದುಕೊಂಡು, ಅಂಗಡಿಯವರಿಗೆ ಮೊದಲೇ ಹೇಳಿ ಸ್ವಲ್ಪ ಚರ್ಮವನ್ನೂ ಇಡಿಸಿಕೊಳ್ಳಿ. ಕುರಿಮಾಂಸವಾದರೆ ಐದು ಪಾಲಿನಲ್ಲಿ ಒಂದು ಪಾಲು ಕೊಬ್ಬಿರಲಿ. ಮಾಂಸವನ್ನು ಸಣ್ಣ ತುಂಡುಗಳಾಗಿ ಹೆಚ್ಚಿ, ತಟ್ಟೆಯಲ್ಲಿ ಹರಡಿ, ಅಂಚುಗಳು ಗಡುಸಾಗುವವರೆಗೆ, ಅಂದರೆ ಸುಮಾರು ಅರ್ಧ ಗಂಟೆ, ಫ್ರೀಜರಿನಲ್ಲಿಡಬೇಕು. ಮಿಕ್ಸಿಯ ಜಾರನ್ನೂ ಅದರ ಜೊತೆಗೇ ಇಡಿ. ಸ್ವಲ್ಪ ಸ್ವಲ್ಪವಾಗಿ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ ತರಿತರಿಯಾಗಿ ಕೊಚ್ಚಿಕೊಳ್ಳಿ. ಒಂದೇ ಸಮನೆ ತಿರುಗಿಸಿದರೆ ಜಾರು ಬಿಸಿಯಾಗಿ ಕೊಬ್ಬು ಕರಗುತ್ತದೆ, ಕರಗಿದ ಕೊಬ್ಬು ಹುರಿಯುವಾಗ ಹೊರಗೆ ಹರಿದುಹೋಗುತ್ತದೆ.

ಒಂದು ಕಿಲೋ ಮಾಂಸಕ್ಕೆ 10 ರಿಂದ 12 ಗ್ರಾಂ ಉಪ್ಪು ಸಾಕು, ಅಂದರೆ ಸುಮಾರು ಎರಡು ಚಹಾ ಚಮಚ. ಮಾರಾಟದ ಸಾಸೇಜುಗಳಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚಿರುತ್ತದೆ. 10 ಗ್ರಾಂ ಹಾಕಿ 50 ಗ್ರಾಮಿನ ಇಪ್ಪತ್ತು ಬಿಲ್ಲೆಗಳನ್ನು ತಟ್ಟಿದರೆ ಒಂದೊಂದರಲ್ಲಿ ಅರ್ಧ ಗ್ರಾಂ ಉಪ್ಪಿರುತ್ತದೆ. ದಿನಕ್ಕೆ ಒಟ್ಟು ಉಪ್ಪು 5 ಗ್ರಾಮಿಗಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರಿಂದ, ಅತ್ತೆಯವರು ಒಂದು ತಿಂದರೆ ಅದರ ಲೆಕ್ಕ ಸುಲಭವಾಗಿ ಸಿಗುತ್ತದೆ. ಇದಕ್ಕಿಂತ ತೀರಾ ಕಡಿಮೆ ಮಾಡಿದರೆ ಹಿಡಿತ ಸಡಿಲವಾಗುತ್ತದೆ. ಉಪ್ಪಿನ ಜೊತೆ ಮೂರು ನಾಲ್ಕು ದೊಡ್ಡ ಚಮಚ ಐಸ್ ನೀರು ಹಾಕಿ, ಕೈಬೆರಳು ಜೋಮು ಹಿಡಿಯುವಷ್ಟು ತಣ್ಣಗಿರುವಾಗಲೇ ನಾದಲು ಶುರುಮಾಡಿ. ಮೊದಲು ಬಿಡಿಬಿಡಿಯಾಗಿದ್ದದ್ದು ಕೆಲವು ನಿಮಿಷಗಳಲ್ಲಿ ಪಾತ್ರೆಯ ಗೋಡೆಗೆ ಅಂಟತೊಡಗುತ್ತದೆ. ಒಂದು ಹಿಡಿ ತೆಗೆದು ಅಂಗೈಗೆ ಒತ್ತಿ ಕೈ ಮಗುಚಿದರೆ ಅದು ಕೆಳಗೆ ಬೀಳದೆ ಅಂಟಿಕೊಂಡೇ ಇರಬೇಕು; ಅಲ್ಲಿಗೆ ನಾದುವುದನ್ನು ನಿಲ್ಲಿಸಬಹುದು. ರುಚಿಗಾಗಿ ಹಸಿಯದನ್ನು ನಾಲಿಗೆಗೆ ತಾಗಿಸಬೇಡಿ. ಚಿಟಿಕೆಯಷ್ಟನ್ನು ಕಾವಲಿಯ ಮೇಲೆ ಬೇಯಿಸಿ ನೋಡಿ, ಆಮೇಲೆ ಮಿಕ್ಕದ್ದನ್ನು ತಟ್ಟಿ.

ಕರುಳಿನ ಹೊದಿಕೆಯ ಚಿಂತೆ ಬೇಡ. ಅಮೆರಿಕದ ಕಡೆ ಬೆಳಗಿನ ತಿಂಡಿಯ ಸಾಸೇಜನ್ನು ಬಹಳ ಮನೆಗಳಲ್ಲಿ ಹೊದಿಕೆಯಿಲ್ಲದೆ ಬಿಲ್ಲೆಯಾಗಿ ತಟ್ಟಿಯೇ ಹುರಿಯುತ್ತಾರೆ. ಅವರು ಹಾಕುವ ಸೇಜ್ ಎಲೆ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ, ಆದರೆ ಕುಂಡದಲ್ಲಿ ಬೆಳೆಯುವ ನಮ್ಮ ದೊಡ್ಡಪತ್ರೆ ಅದೇ ತುಳಸಿಯ ಕುಟುಂಬಕ್ಕೆ ಸೇರಿದ್ದು. ಅವರು ಬಳಸುವ ಇನ್ನೊಂದು ಸೊಪ್ಪಾದ ಥೈಮಿನಲ್ಲಿರುವ ಥೈಮಾಲ್ ನಮ್ಮ ಓಮದಲ್ಲೂ ಧಾರಾಳವಾಗಿದೆ. ಕಿಲೋಗೆ ಎಂಟು ಹತ್ತು ದೊಡ್ಡಪತ್ರೆ ಎಲೆಯನ್ನು ಸಣ್ಣಗೆ ಹೆಚ್ಚಿ ಹಾಕಿ, ಅಥವಾ ಕಾಲು ಚಮಚ ಓಮವನ್ನು ಹುರಿದು ಪುಡಿಮಾಡಿ ಹಾಕಿ. ಒಂದು ಚಮಚ ಸೋಂಪು, ತರಿ ಮೆಣಸು, ಚಿಟಿಕೆ ಜಾಯಿಕಾಯಿ, ಒಂದಿಷ್ಟು ಬೆಲ್ಲದ ಪುಡಿ ಇಷ್ಟು ಸೇರಿದರೆ ಆ ರುಚಿಗೆ ಬಹಳ ಹತ್ತಿರ ಬರುತ್ತದೆ. ಹಿಡಿತದ ಬಗ್ಗೆ ಇನ್ನೂ ಅನುಮಾನವಿದ್ದರೆ, ಕೈಮಾ ಉಂಡೆಗೆ ಹಾಕುವ ಹುರಿಗಡಲೆಯನ್ನೇ ನುಣ್ಣಗೆ ಪುಡಿಮಾಡಿ ಎರಡು ಮೂರು ದೊಡ್ಡ ಚಮಚ ಸೇರಿಸಿಕೊಳ್ಳಬಹುದು. ಅದು ಬೇಯುವಾಗ ಬಿಡುವ ರಸವನ್ನು ಹೀರಿಕೊಳ್ಳುತ್ತದೆ.

ಉತ್ತರ: ಚಾಂಪಿಯನ್ ರೀಫ್ ನಿವಾಸಿ, ಕೆ.ಜಿ.ಎಫ್.

ತಿಪಟೂರಿನವರು ಹೇಳಿದ ನಾದುವ ಕ್ರಮವನ್ನು ನಾನು ಒಪ್ಪುತ್ತೇನೆ, ಹುರಿಗಡಲೆಯನ್ನು ಮಾತ್ರ ಒಪ್ಪುವುದಿಲ್ಲ. ಅದನ್ನು ಹಾಕಿದ ಮೇಲೆ ಅದು ಚಪ್ಪಟೆ ಕೈಮಾ ಉಂಡೆಯೇ ಹೊರತು ಸಾಸೇಜ್ ಅಲ್ಲ. ಗಣಿ ನಡೆಯುತ್ತಿದ್ದ ಕಾಲದಲ್ಲಿ ನಮ್ಮೂರಿನಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ಬಹಳ ಇದ್ದವು, ಅವರ ಅಡುಗೆಯ ಎಷ್ಟೋ ಪದಾರ್ಥಗಳು ನಮ್ಮಂಥವರ ಮನೆಗಳಿಗೂ ಬಂದವು. ನಿಮ್ಮ ಮನೆಯಲ್ಲಿ ಹಂದಿಮಾಂಸ ತಿನ್ನುವ ರೂಢಿಯಿದ್ದರೆ ಇದಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಭುಜದ ಭಾಗವನ್ನು ಕೊಬ್ಬಿನ ಸಮೇತ ತೆಗೆದುಕೊಂಡರೆ ಬೇರೇನೂ ಸೇರಿಸಬೇಕಾಗಿಲ್ಲ. ಆದರೆ ಒಳಗೆ ಎಲ್ಲಿಯೂ ಹಸಿ ಉಳಿಯದಂತೆ ಬೇಯಿಸಲೇಬೇಕು. ಲಾಡಿಹುಳುವಿನ ಭಯ ಹಂದಿಮಾಂಸದಲ್ಲಿ ಸುಳ್ಳಲ್ಲ.

ಮಸಾಲೆಯ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ಫ್ರೀಜರಿನಲ್ಲಿ ಎಲ್ಲ ಮಸಾಲೆಯೂ ಒಂದೇ ರೀತಿ ವರ್ತಿಸುವುದಿಲ್ಲ. ಲವಂಗ, ಮೆಣಸು, ಬೆಳ್ಳುಳ್ಳಿ ಇವು ದಿನ ಕಳೆದಂತೆ ಖಾರವಾಗಿ, ಕೊನೆಗೆ ಕಹಿಯ ಕಡೆಗೆ ತಿರುಗುತ್ತವೆ. ಈರುಳ್ಳಿಯ ರುಚಿಯೂ ಬದಲಾಗುತ್ತದೆ, ಜೊತೆಗೆ ಅದು ನೀರು ಬಿಟ್ಟು ಬಿಲ್ಲೆಯನ್ನು ಒಡೆಯುತ್ತದೆ. ಆದ್ದರಿಂದ ಅಂದೇ ತಿನ್ನುವುದಕ್ಕೆ ಹಾಕುವ ಮೆಣಸಿಗಿಂತ ಕಡಿಮೆ ಹಾಕಿ, ಬೆಳ್ಳುಳ್ಳಿಯನ್ನು ಹಾಕದಿದ್ದರೂ ನಷ್ಟವಿಲ್ಲ, ಹಸಿ ಈರುಳ್ಳಿಯನ್ನಂತೂ ದೂರವಿಡಿ. ಲವಂಗ ಬೇಡವೇ ಬೇಡ.

ಇನ್ನೊಂದು, ಬೆಂದ ಮೇಲೆ ನಿಮ್ಮದು ಅಂಗಡಿಯದರ ಹಾಗೆ ಗುಲಾಬಿ ಬಣ್ಣಕ್ಕೆ ಬರುವುದಿಲ್ಲ, ಬೂದುಗಂದು ಬಣ್ಣಕ್ಕೆ ಬರುತ್ತದೆ. ಅಂಗಡಿಯದಕ್ಕೆ ಆ ಬಣ್ಣ ಬರುವುದು ಮಾಂಸ ಕೆಡದಂತೆ ಹಾಕುವ ಸೋಡಿಯಂ ನೈಟ್ರೈಟ್ ಎಂಬ ರಾಸಾಯನಿಕದಿಂದ. ಫ್ರೀಜರಿನಲ್ಲಿ ಇಟ್ಟು ಚೆನ್ನಾಗಿ ಬೇಯಿಸಿ ತಿನ್ನುವ ಮನೆಯ ಬಿಲ್ಲೆಗೆ ಅದರ ಅಗತ್ಯವಿಲ್ಲ, ಮಗಳಿಗೆ ಮೊದಲೇ ಹೇಳಿಬಿಡಿ.

ಉತ್ತರ: ಪಿನಾಕಿನಿ ತೀರ, ಗೌರಿಬಿದನೂರು

ನಮ್ಮ ಮಗನಿಗೂ ಸಿಲಿಯಾಕ್ ಇದೆ, ಆದ್ದರಿಂದ ಮೇಲಿನ ಇಬ್ಬರೂ ಮುಟ್ಟದ ವಿಷಯವನ್ನು ನಾನು ಬರೆಯುತ್ತೇನೆ. ಅಕ್ಕ, ನೀವು ಗೋಧಿ ಹಾಕದಿದ್ದ ಮಾತ್ರಕ್ಕೆ ಅದರಲ್ಲಿ ಗೋಧಿ ಇರುವುದಿಲ್ಲ ಎಂದು ನಂಬಬೇಡಿ. ಸಿಲಿಯಾಕ್ ಇರುವವರಿಗೆ ಆಗದಿರುವುದು ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್. ಗ್ಲುಟೆನ್ ರಹಿತ ಎಂದು ಆಹಾರದ ಮೇಲೆ ಬರೆಯಬೇಕಾದರೆ ನಮ್ಮ ದೇಶದ ನಿಯಮದ ಪ್ರಕಾರ ಕಿಲೋಗೆ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇರಕೂಡದು. ಅಷ್ಟು ಸಣ್ಣ ಪ್ರಮಾಣ ಮೀರಲು ಚಮಚದ ತುದಿಗೆ ಅಂಟಿದ ಹಿಟ್ಟೇ ಸಾಕು.

ಮೊದಲನೆಯದು ಇಂಗು. ನಮ್ಮಲ್ಲಿ ಮಾರುವ ಇಂಗು ಶುದ್ಧ ಇಂಗಲ್ಲ, ಅಂಟು ಮತ್ತು ಹಿಟ್ಟು ಬೆರೆಸಿದ ಕೂಡು ಇಂಗು. ಆ ಹಿಟ್ಟು ಬಹಳಷ್ಟು ಬ್ರಾಂಡುಗಳಲ್ಲಿ ಗೋಧಿಯದೇ ಆಗಿರುತ್ತದೆ, ಕೆಲವು ಮಾತ್ರ ಅಕ್ಕಿ ಹಿಟ್ಟಿನವು. ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದಿಯೇ ತನ್ನಿ. ಬೆಳ್ಳುಳ್ಳಿಯ ಬದಲು ಇಂಗು ಹಾಕೋಣ ಎಂದು ಹೊರಟರೆ ಇಲ್ಲಿಯೇ ಏಟು ಬೀಳುತ್ತದೆ. ಸೋಯಾ ಸಾಸಿನಲ್ಲಿಯೂ ಸಾಮಾನ್ಯವಾಗಿ ಗೋಧಿ ಇರುತ್ತದೆ. ಕಬಾಬ್ ಪುಡಿಯಂಥ ಸಿದ್ಧ ಮಸಾಲೆಗಳಲ್ಲಿ ಮೈದಾ ಇರುವ ಸಂಭವ ಹೆಚ್ಚು, ಆದ್ದರಿಂದ ಎಲ್ಲವನ್ನೂ ಇಡಿಯಾಗಿ ತಂದು ಮನೆಯಲ್ಲೇ ಪುಡಿಮಾಡಿಕೊಳ್ಳುವುದು ನಿಶ್ಚಿಂತೆ.

ಎರಡನೆಯದು ಹಿಟ್ಟಿನ ಗಿರಣಿ. ಹುರಿಗಡಲೆಯಾಗಲಿ, ನಿಮ್ಮ ರಾಗಿಯೇ ಆಗಲಿ, ಗೋಧಿ ಬೀಸಿದ ಕಲ್ಲಿನಲ್ಲೇ ಬೀಸಿದರೆ ಹಿಂದಿನವರ ಹಿಟ್ಟು ನಿಮ್ಮ ಡಬ್ಬಕ್ಕೆ ಬರುತ್ತದೆ. ಬೆಳಿಗ್ಗೆ ಮೊದಲ ಸರದಿಯಲ್ಲಿ ಹೋದರೂ ಹಿಂದಿನ ದಿನದ್ದು ಕಲ್ಲಿನ ಸಂದಿಯಲ್ಲಿ, ಬಟ್ಟೆಯ ಚೀಲದ ಮಡಿಕೆಯಲ್ಲಿ ಉಳಿದೇ ಇರುತ್ತದೆ. ನಾವು ರಾಗಿಯನ್ನು ಆರಿಸಿ, ತೊಳೆದು, ಮಹಡಿಯ ಮೇಲೆ ಒಣಗಿಸಿ, ಮನೆಗೆ ತಂದುಕೊಂಡಿರುವ ಸಣ್ಣ ಗಿರಣಿಯಲ್ಲೇ ಬೀಸಿಕೊಳ್ಳುತ್ತೇವೆ. ಹುರಿಗಡಲೆಗಾದರೆ ಮಿಕ್ಸಿಯೇ ಸಾಕು. ಬಿಡಿಯಾಗಿ ತೂಗಿಕೊಡುವ ಹುರಿಗಡಲೆಯನ್ನು ಒಮ್ಮೆ ಮೊರದಲ್ಲಿ ಹಾಕಿ ನೋಡಿ, ಅಂಗಡಿಯ ಅಳತೆಪಾತ್ರೆಯಿಂದ ಬಂದ ಗೋಧಿಕಾಳು ಒಂದೆರಡು ಸಿಗುವುದುಂಟು.

ಮೂರನೆಯದು ಕಾವಲಿ. ಚಪಾತಿ ಮಾಡುವ ಕಬ್ಬಿಣದ ಕಾವಲಿಯ ಮೇಲೆ ಒಣಹಿಟ್ಟು ಉಳಿದಿರುತ್ತದೆ. ಮಗಳಿಗೆಂದೇ ಬೇರೆ ಕಾವಲಿ, ಬೇರೆ ಮಗುಚುವ ಕೈ, ಬೇರೆ ಮರದ ಹಲಗೆ ಇರಲಿ. ಪೂರಿ ಕರಿದ ಎಣ್ಣೆಯನ್ನು ಇದಕ್ಕೆ ಬಳಸಬೇಡಿ. ಕೋಳಿ ಅಂಗಡಿಯಲ್ಲಿ ಕೈಮಾ ಮಾಡಿಸುವುದಾದರೆ, ಅಲ್ಲಿ ಮಸಾಲೆ ಹಚ್ಚಿದ ಕಬಾಬ್ ತುಂಡುಗಳನ್ನೂ ಮಾರುತ್ತಾರೆಯೇ ಎಂದು ಒಮ್ಮೆ ಗಮನಿಸಿ. ಇದ್ದರೆ ಇಡೀ ಮಾಂಸವನ್ನೇ ತಂದು ಮನೆಯಲ್ಲಿ ಕೊಚ್ಚಿಕೊಳ್ಳುವುದು ಮೇಲು.

ಪ್ರತಿಕ್ರಿಯೆ: ಅಂತರಗಂಗೆ ತಪ್ಪಲು, ಕೋಲಾರ

ಮೂವರಿಗೂ ಧನ್ಯವಾದ. ಇಂಗಿನ ಡಬ್ಬವನ್ನು ಈಗಲೇ ಹೋಗಿ ನೋಡಿದೆ, ಗೋಧಿ ಹಿಟ್ಟು ಎಂದೇ ಇದೆ. ಸಾರಿಗೆ ಅದನ್ನೇ ಒಗ್ಗರಣೆ ಹಾಕುತ್ತಿದ್ದೆವು. ಗೌರಿಬಿದನೂರಿನವರೇ, ನಿಮ್ಮ ಮಾತಿನಿಂದ ಸಾಸೇಜಿಗಿಂತ ದೊಡ್ಡ ಉಪಕಾರವಾಯಿತು.

ಎರಡು ಸಂದೇಹಗಳು ಉಳಿದಿವೆ. ನಮ್ಮದು ಒಂದೇ ಬಾಗಿಲಿನ ಫ್ರಿಜ್, ಮೇಲೆ ಐಸ್ ಕಟ್ಟುವ ಸಣ್ಣ ಗೂಡು ಮಾತ್ರ ಇದೆ. ಬೇಸಿಗೆಯಲ್ಲಿ ಕರೆಂಟ್ ಗಂಟೆಗಟ್ಟಲೆ ಹೋಗುವುದೂ ಉಂಟು. ಇಂಥ ಕಡೆ ಎಷ್ಟು ದಿನ ಇಡಬಹುದು? ಮತ್ತೆ, ಅತ್ತೆಯವರಿಗಾಗಿ ಸೋಡಿಯಂ ಕಡಿಮೆ ಇರುವ ಉಪ್ಪು ಎಂದು ಅಂಗಡಿಯಲ್ಲಿ ಸಿಗುತ್ತದಲ್ಲ, ಅದನ್ನು ಹಾಕಬಹುದೇ?

ಉತ್ತರ: ತೆಂಗಿನ ತೋಟ, ತಿಪಟೂರು

ಉಪ್ಪಿನ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಆ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲನ್ನು ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಮೂತ್ರಪಿಂಡದ ತೊಂದರೆ ಇರುವವರಲ್ಲಿಯೂ, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿಯೂ ರಕ್ತದಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಆದ್ದರಿಂದ ಅವರ ಮಾತ್ರೆಯ ಚೀಟಿಯನ್ನು ವೈದ್ಯರಿಗೆ ತೋರಿಸಿ ಕೇಳದೆ ಅದನ್ನು ಅಡುಗೆಗೆ ಬಳಸಬೇಡಿ. ಮಾಮೂಲಿ ಉಪ್ಪನ್ನೇ 10 ಗ್ರಾಮಿಗೆ ಇಳಿಸಿ, ನಿಂಬೆರಸವನ್ನು ತಿನ್ನುವ ಮುಂಚೆ ಮೇಲೆ ಹಿಂಡಿಕೊಂಡರೆ ಸಪ್ಪೆ ಎನಿಸುವುದಿಲ್ಲ. ನಿಂಬೆಯನ್ನು ಹಸಿ ಮಾಂಸಕ್ಕೆ ಬೆರೆಸಬಾರದು, ಹುಳಿ ಸೇರಿದರೆ ಹಿಡಿತ ಕೆಡುತ್ತದೆ.

ಇನ್ನು ಫ್ರೀಜರ್. ಮೈನಸ್ 18 ಡಿಗ್ರಿಯಲ್ಲಿ ನಿಲ್ಲುವ ಪ್ರತ್ಯೇಕ ಫ್ರೀಜರಿನಲ್ಲಿ ಸಾಸೇಜ್ ಹಸಿಯಾಗಿದ್ದರೂ ಬೆಂದಿದ್ದರೂ ಒಂದರಿಂದ ಎರಡು ತಿಂಗಳು ರುಚಿ ಕೆಡದೆ ಇರುತ್ತದೆ. ಅದಕ್ಕೂ ಹೆಚ್ಚು ಇಡುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಉಪ್ಪು ಬೆರೆತ ಕೊಬ್ಬು ಫ್ರೀಜರಿನಲ್ಲಿಯೂ ನಿಧಾನವಾಗಿ ಕಮಟು ಹಿಡಿಯುತ್ತದೆ. ಒಂದೇ ಬಾಗಿಲಿನ ಫ್ರಿಜ್ಜಿನ ಗೂಡು ಅನೇಕ ವೇಳೆ ಅಷ್ಟು ತಣ್ಣಗಾಗುವುದಿಲ್ಲ. ಒಂದು ಕಪ್ ಐಸ್‌ಕ್ರೀಂ ಇಟ್ಟು ನೋಡಿ: ಮಾರನೆಯ ದಿನ ಚಮಚ ಸುಲಭವಾಗಿ ಇಳಿದರೆ ನಿಮ್ಮ ಗೂಡು ಮೈನಸ್ 18 ತಲುಪುತ್ತಿಲ್ಲ ಎಂದೇ ತಿಳಿಯಬೇಕು. ಅಂಥಲ್ಲಿ ಒಂದು ವಾರದ್ದನ್ನು ಮಾತ್ರ ಮಾಡಿಟ್ಟುಕೊಳ್ಳಿ, ಅದೂ ಬೇಯಿಸಿಯೇ ಇಡಿ. ತುಂಬಿದ ಫ್ರೀಜರಿನ ಬಾಗಿಲು ತೆರೆಯದೆ ಇದ್ದರೆ ಕರೆಂಟ್ ಹೋದ ಮೇಲೂ ಸುಮಾರು ಎರಡು ದಿನ ಹೆಪ್ಪು ಉಳಿಯುತ್ತದೆ, ಅರ್ಧ ತುಂಬಿದ್ದರೆ ಸುಮಾರು ಒಂದು ದಿನ. ಆದರೆ ಈ ಲೆಕ್ಕ ನಿಮ್ಮ ಸಣ್ಣ ಗೂಡಿಗೆ ಅನ್ವಯಿಸುವುದಿಲ್ಲ. ಊರಿಗೆ ಹೋಗುವಾಗ ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೊಂದು ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ತಳದಲ್ಲಿದ್ದರೆ ನೀವಿಲ್ಲದಾಗ ಎಲ್ಲವೂ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದರ್ಥ, ಆ ಬಿಲ್ಲೆಗಳನ್ನು ತಿನ್ನಬಾರದು.

ಉತ್ತರ: ಪಿನಾಕಿನಿ ತೀರ, ಗೌರಿಬಿದನೂರು

ಬೇಯಿಸಿ ಇಡುವುದೇ ನನ್ನ ಮತ. ಬೆಳಗಿನ ಅವಸರದಲ್ಲಿ ಹಸಿ ಬಿಲ್ಲೆಯನ್ನು ಒಳಗಿನವರೆಗೆ ಬೇಯಿಸಲು ಪುರುಸೊತ್ತು ಇರುವುದಿಲ್ಲ, ಮೇಲೆ ಕೆಂಪಗಾದ ಕೂಡಲೇ ತಟ್ಟೆಗೆ ಹಾಕಿಬಿಡುತ್ತೇವೆ. ಕೊಚ್ಚಿದ ಮಾಂಸದಲ್ಲಿ ಮೇಲ್ಮೈಯ ರೋಗಾಣುಗಳು ಒಳಗೂ ಸೇರಿಕೊಂಡಿರುವುದರಿಂದ ಅದು ಸಲ್ಲದು. ಕೋಳಿಯಾದರೆ ನಡುಭಾಗ 74 ಡಿಗ್ರಿ, ಕುರಿ ಅಥವಾ ಹಂದಿಯಾದರೆ 71 ಡಿಗ್ರಿ ಮುಟ್ಟಬೇಕು. ಚುಚ್ಚಿ ನೋಡುವ ಸಣ್ಣ ಥರ್ಮಾಮೀಟರ್ ಒಂದನ್ನು ತರಿಸಿಕೊಂಡರೆ ಊಹಿಸುವ ಕೆಲಸವೇ ಇರುವುದಿಲ್ಲ.

ಭಾನುವಾರ ಬಿಡುವಾಗಿ, ಒಂದು ಬೆರಳಿನಷ್ಟು ದಪ್ಪಕ್ಕೆ ತಟ್ಟಿ, ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ ಎರಡೂ ಬದಿ ಬೇಯಿಸಿ. ಫ್ಯಾನಿನ ಕೆಳಗೆ ಆರಿಸಿ, ಎರಡು ಗಂಟೆಯೊಳಗೆ ಫ್ರೀಜರಿಗೆ ಸೇರಿಸಿ. ಮೊದಲು ಸ್ಟೀಲ್ ತಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ ಗಟ್ಟಿಯಾಗಿಸಿಕೊಂಡು, ಆಮೇಲೆ ಜಿಪ್ ಕವರಿಗೆ ಹಾಕಿ ಗಾಳಿ ಒತ್ತಿ ತೆಗೆದು ಮುಚ್ಚಿದರೆ, ಬೇಕಾದಷ್ಟನ್ನೇ ಬಿಡಿಸಿಕೊಳ್ಳಬಹುದು. ಒಟ್ಟಿಗೆ ತುಂಬಿದರೆ ಎಲ್ಲವೂ ಒಂದೇ ಗಡ್ಡೆಯಾಗುತ್ತದೆ. ಬೆಳಿಗ್ಗೆ ಎರಡು ತೆಗೆದು, ಕಾವಲಿಗೆ ಒಂದು ಚಮಚ ನೀರು ಚಿಮುಕಿಸಿ ಮುಚ್ಚಿಟ್ಟರೆ ದೋಸೆ ಮುಗಿಯುವಷ್ಟರಲ್ಲಿ ಒಳಗಿನಿಂದ ಹಬೆಯಾಡುವಷ್ಟು ಬಿಸಿಯಾಗಿರುತ್ತದೆ. ರಾತ್ರಿಯೇ ಹೊರಗೆ ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ ಇಡುವುದು ಬೇಡ.

ಉತ್ತರ: ಅವರೆ ಹೊಲ, ಚಿಂತಾಮಣಿ

ಮಾಂಸ ತಿನ್ನದ ದಿನಗಳಿಗೆ ಒಂದು ಸಲಹೆ. ಅವರೆ ಕಾಲದಲ್ಲಿ ಹಿದುಕಿದ ಬೇಳೆಯನ್ನು ಬೇಯಿಸಿ, ನೀರು ಪೂರ್ತಿ ಬಸಿದು, ಅರೆಬರೆ ಹಿಸುಕಿ, ಅದೇ ಸೋಂಪು, ದೊಡ್ಡಪತ್ರೆ ಹಾಕಿ ತಟ್ಟಿದರೆ ಚೆನ್ನಾಗಿರುತ್ತದೆ. ಇದರಲ್ಲಿ ತಿಪಟೂರಿನವರು ಹೇಳಿದ ಮಾಂಸದ ಅಂಟು ಇಲ್ಲದ ಕಾರಣ ಅಕ್ಕಿ ಹಿಟ್ಟು ಅಥವಾ ಹುರಿಗಡಲೆ ಪುಡಿ ಹಾಕಲೇಬೇಕು, ಕೆ.ಜಿ.ಎಫ್.ನವರು ಕ್ಷಮಿಸಬೇಕು. ಆಲೂಗಡ್ಡೆ ಮಾತ್ರ ಬೇಡ. ಫ್ರೀಜರಿನಿಂದ ತೆಗೆದಾಗ ನೀರೊಡೆದು ಮರಳುಮರಳಾಗಿರುತ್ತದೆ.